ಕಾಂದಾಭಜಿಗೆ ಪಹಿಲಾ ನಂಬರ

ಇಚಲಕರಂಜಿಯ ಚಿತ್ರಕಲೆ ಮಾಸ್ತರ ಬಾಳಗೊಂಡರ ಎದೆ ಧಸಕ್ಕೆಂದದ್ದು ತಮ್ಮದೇ ವಿದ್ಯಾರ್ಥಿನಿಗೆ ಮೊದಲ ಬಹುಮಾನ ಬಂದ ಸುದ್ದಿ ಕೇಳಿ.

"ಮಾಸ್ತರ್ರ, ಪೇಢೆ ತರಸ್ರಿ!" ಅಂತ ಹೆಡ್‌ಮಾಸ್ತರ ಶ್ರೀಪಾಲರು ಬೆಳಿಗ್ಗೆ ಬಂದವರೇ ಮೊಬೈಲು ಮುಂದೆ ಹಿಡಿದರು. "ನಮ್ಮ ಏಳನೇ ವರ್ಗದ ವೃಷಾಲಿ ಗಡಹಿಂಗ್ಲಜದ ಪ್ರದರ್ಶನದಾಗ ಪಹಿಲಾ ನಂಬರ ಬಂದಾಳ. ಭಜಿ ಗಾಡಿ ಚಿತ್ರರೀ. ಗಾಡಿ ಮುಂದ ಯಾರೋ ಮುದಕ ತಿನ್ನಾಕತ್ತಾನ ನೋಡ್ರಿ, ಏನ ತಗದಾಳ ಹುಡಿಗಿ!"

ಮಾಸ್ತರರು ನೋಡಿದರು. ನಡುನೆತ್ತಿಯ ಬೋಳು, ಮೂಗಿನ ತುದಿಗೆ ಜಾರಿದ ಚಾಳೀಸು, ತೋಳಿನಲ್ಲಿ ನವಿಲಿನ ಕಸೂತಿಯ ಬಟ್ಟೆ ಚೀಲ. ಮುದುಕನೆಲ್ಲಿಯ ಮಾತು, ಸಾಕ್ಷಾತ್ ಅವರೇ! ಬಾಯಿಗೆ ಅರ್ಧ ಹೋಗಿದ್ದ ಕಾಂದಾಭಜಿಯಿಂದ ಉಳ್ಳಾಗಡ್ಡಿಯ ಎಳೆಯೊಂದು ಇಣುಕಿ ನೋಡುತ್ತಿತ್ತು. ನಲವತ್ತೆರಡಕ್ಕೇ ಮುದುಕನಾದೆನಲ್ಲಾ ಅಂತ ದುಃಖಪಡಲಿಕ್ಕೂ ಅವರಿಗೆ ಪುರಸೊತ್ತಾಗಲಿಲ್ಲ.

ಸಂಗತಿ ಇಷ್ಟು. ಜೈನರ ದಶಲಕ್ಷಣ ಪರ್ವ ನಡೆದಿತ್ತು. ವರ್ಷವಿಡೀ ಮನೆಯಲ್ಲಿ ಉಳ್ಳಾಗಡ್ಡಿ ನಡೆದರೂ ಈ ಹತ್ತು ದಿನ ಗಡ್ಡೆ-ಗೆಣಸು ಎಲ್ಲಾ ಬಂದ್. ಮಾಸ್ತರರು ಬಸದಿಯಲ್ಲಿ ಎಲ್ಲರೆದುರು ನೇಮ ಹಿಡಿದಿದ್ದರು. ಹೆಂಡತಿ ಶಾಲನ ಗಡಹಿಂಗ್ಲಜದ ತವರಿಗೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ್ದಳು: "ಹ್ವಾದ ವರ್ಷ ನೇಮ ಮುರದ್ರಿ, ಸುಮ್ಮನಾದೆ. ಈ ಸಲಾ ಮುರದ್ರ ನಾ ತಿರಗಿ ಈ ಮನಿಗಿ ಬರಾಂಗಿಲ್ಲ ನೋಡ್ರಿ."

ಶಾಲನ ಆಡಿದ್ದನ್ನು ಮಾಡುವವಳು. ಅದು ಗೊತ್ತಿದ್ದೂ ಮೂರನೇ ದಿನ ಸಂಜೆ, ಮಗ್ಗದ ಓಣಿಯಲ್ಲಿ ಶಿವವ್ವನ ಗಾಡಿಯ ಎಣ್ಣೆ ಚುರ್ರೆಂದಾಗ ಮಾಸ್ತರರ ಕಾಲು ತಾವಾಗಿಯೇ ನಿಂತವು. ಶಿವವ್ವನ ಮಗಳೇ ಈ ವೃಷಾಲಿ. ಗಾಡಿಯ ಪಕ್ಕ ಕೂತು ಹಾಳೆಯ ಮೇಲೆ ಗೀಚುತ್ತಿದ್ದಳು. ಮಾಸ್ತರರು ಭಜಿ ಜಗಿಯುತ್ತಲೇ ಪಾಠವನ್ನೂ ಮಾಡಿದ್ದರು: "ಮನಸಿಗಿ ಬಂದದ್ದ ತಗೀಬ್ಯಾಡ ಮಗಾ. ಕಣ್ಣಿಗಿ ಕಂಡದ್ದಷ್ಟ ತಗಿ."

ಹುಡುಗಿ ಅಕ್ಷರಶಃ ಕಲಿತಿದ್ದಳು. ಸ್ಪರ್ಧೆಯ ಹಾಳೆಗಳನ್ನು ಹೆಡ್‌ಮಾಸ್ತರರೇ ಲಕೋಟೆ ಅಂಟಿಸಿ ಕಳಿಸಿದ್ದರಿಂದ ಮಾಸ್ತರರಿಗೆ ಚಿತ್ರ ಕಂಡಿರಲಿಲ್ಲ.

"ಬಹುಮಾನ... ಯಾರ ಕೊಡ್ತಾರ್ರಿ?"

"ನಿಮ್ಮ ಮಾವಾರ ಅಲ್ರೀ, ಪಾರೀಸ ಅಣ್ಣಾರು! ಮನಿ ಮಂದಿ ಎಲ್ಲಾ ಬರ್ತಾರಂತ. ಮೂರಕ್ಕ ಕಾರ್ಯಕ್ರಮ, ನೀವ ಹುಡಿಗೀನ ಕರಕೊಂಡ ಈಗ ಹೊಂಡ್ರಿ."

ಎಸ್.ಟಿ. ಬಸ್ಸಿನಲ್ಲಿ ಮಾಸ್ತರರ ಅಂಗಿ ಬೆವರಿಗೆ ಬೆನ್ನಿಗಂಟಿತು. ಜೊತೆಗೆ ಬಂದಿದ್ದ ಸಂಗೀತದ ಟೀಚರು ಶುಭಾಂಗಿಬಾಯಿ ಸುಮ್ಮನಿರುವ ಜೀವವಲ್ಲ.

"ಕಾಯ ಝಾಲಂ, ಏನಾತ್ರಿ ಸರ್? ಮಾರಿ ಬೆಳ್ಳಗ ಆಗೇತಲ್ರಿ. ತಗೋರಿ, ಹಸಿ ಶುಂಠಿ ವಡಿ." ಮಾಸ್ತರರು ಕೈ ಚಾಚುವಷ್ಟರಲ್ಲಿ ಆಕೆ ಹಿಂದಕ್ಕೆಳೆದುಕೊಂಡರು. "ಅಗಬಾಯಿ! ನಿಮ್ಮ ಪರ್ವ ಅಲ್ಲೇನ್ರಿ, ಶುಂಠಿ ನಡ್ಯಾಂಗಿಲ್ಲ!" ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಹೊಗಳಿಕೆ ಶುರುವಾಯಿತು. "ನೇಮ ಅಂದ್ರ ಇವರದ ನೇಮ! ಹೇಂತಿ ಮನ್ಯಾಗ ಇಲ್ಲ, ಆದ್ರೂ ಒಂದ ಎಸಳ ಬಳ್ಳೊಳ್ಳಿ ಮುಟ್ಟಿಲ್ಲ!"

ಮುಂದಿನ ಸೀಟಿನ ಅಜ್ಜಿಯೊಬ್ಬಳು ತಿರುಗಿ ಮಾಸ್ತರರಿಗೆ ಕೈ ಮುಗಿದಳು. ವೃಷಾಲಿ ಮಾಸ್ತರರನ್ನು ಒಮ್ಮೆ ನೋಡಿ, ಕಿಟಕಿಯ ಹೊರಗಿನ ಕಬ್ಬು ನೋಡತೊಡಗಿದಳು.

ಸಭಾಗೃಹ ಇನ್ನೂ ಖಾಲಿ ಇತ್ತು. ಮೊದಲ ಬಹುಮಾನದ ಚಿತ್ರವನ್ನು ಮುಖ್ಯ ಅತಿಥಿಗಳೇ ತೆರೆಯಲಿ ಅಂತ ಸ್ಟ್ಯಾಂಡಿನ ಮೇಲಿಟ್ಟು ಶಾಲು ಹೊದಿಸಿದ್ದರು. ಮಾಸ್ತರರು ಶುಭಾಂಗಿಬಾಯಿಯನ್ನೂ ಹುಡುಗಿಯನ್ನೂ ಚಹಾಕ್ಕೆ ಅಟ್ಟಿದರು. ಅವಸರದಲ್ಲಿ ಚೀಲದಿಂದ ಬಣ್ಣ ತೆಗೆದರೆ ಎಲ್ಲ ಬಾಟಲಿಗಳ ಮುಚ್ಚಳ ಬಿಗಿದು ಕೂತಿದ್ದವು. ತೆರೆದದ್ದು ಬಿಳಿಯದು ಒಂದೇ. ಸರಿ, ಶಾಲು ಎತ್ತಿ ಮೂಗಿನ ಕೆಳಗೆ ದಪ್ಪ ಬಿಳಿ ಮೀಸೆ, ಬೋಳಿನ ಮೇಲೆ ಬಿಳಿ ಟೋಪಿ. ಈಗ ಖರೇ ಖರೇ ಯಾರೋ ಮುದುಕ! ಹೆಜ್ಜೆಯ ಸಪ್ಪಳವಾಯಿತು. ಶಾಲು ಇಳಿಬಿಟ್ಟು, ಬ್ರಶ್ಶನ್ನು ಚೀಲಕ್ಕೆ ತುರುಕಿದರು.

ಮೂರಕ್ಕೆ ಸಭೆ ತುಂಬಿತು. ಶಾಲನ ತನ್ನ ತಾಯಿ ಗಂಗುಬಾಯಿಯ ಜೊತೆ ಮೊದಲ ಸಾಲಿನಲ್ಲಿ ಕೂತಿದ್ದಳು. ಮಾವ ಪಾರೀಸರು ಗತ್ತಿನಿಂದ ಬಂದು ಶಾಲು ಸರಿಸಿದರು. ಚಪ್ಪಾಳೆ ಬಿತ್ತು. ಮಾವನವರು ಮಾತ್ರ ನಿಂತಲ್ಲೇ ನಿಂತರು. ಅವರ ಕೈ ಮೆಲ್ಲಗೆ ತಮ್ಮ ದಪ್ಪ ಬಿಳಿ ಮೀಸೆಗೆ ಹೋಯಿತು, ಅಲ್ಲಿಂದ ಟೋಪಿಗೆ. ಗಂಗುಬಾಯಿ ಕುರ್ಚಿಯಿಂದ ಎದ್ದರು. ಮಾವನವರದೂ ಈ ಹತ್ತು ದಿನ ಅದೇ ನೇಮ.

"ಒಂದ ಪ್ಲೇಟ ಅಷ್ಟ!" ಆಕೆ ಕೇಳುವ ಮೊದಲೇ ಮಾವನವರು ಕಿರುಚಿದರು. "ಬಸ್ ಸ್ಟ್ಯಾಂಡ ಹಿಂದ, ಅದೂ ಮಳಿ ಬಂದಿತ್ತಂತ!"

ಸಭೆಗೆ ಸಭೆಯೇ ನಕ್ಕಿತು. ಮಾಸ್ತರರಿಗೆ ಪಾಪ ಅನ್ನಿಸಿತು, ಸುಳ್ಳಲ್ಲ. ಆದರೂ ಬೆಳಗಿನಿಂದ ಸಿಕ್ಕಿಕೊಂಡಿದ್ದ ಉಸಿರು ಈಗ ಸಲೀಸಾಗಿ ಹೊರಬಂತು. ಬದುಕಿದೆನಪ್ಪಾ ಅಂದುಕೊಂಡರು.

ಅಷ್ಟರಲ್ಲಿ ಶಾಲನ ಚಿತ್ರದ ಹತ್ತಿರ ಬಂದು ಬಗ್ಗಿ ನೋಡಿದಳು. "ತಡೀರಿ ಅಪ್ಪಾ. ಈ ಚೀಲದ ಮ್ಯಾಗಿನ ನವಿಲ ನಾ ಹಾಕಿದ್ದು."

ಸಭೆಯೆಲ್ಲ ಮಾಸ್ತರರ ತೋಳಿನತ್ತ ತಿರುಗಿತು. ಅದೇ ಚೀಲ, ಅದೇ ನವಿಲು. ಚೀಲದ ಬಾಯಿಂದ ಬ್ರಶ್ಶೊಂದು ತಲೆ ಎತ್ತಿಕೊಂಡಿತ್ತು. ಬಿಳಿ ಬಣ್ಣ ನವಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

ವೃಷಾಲಿ ಮೆಲ್ಲಗೆ ಕೇಳಿದಳು: "ಸರ್, ಆ ಮೀಸಿ ನೀವ ತಗದ್ರಿ? ಕಣ್ಣಿಗಿ ಕಂಡದ್ದಷ್ಟ ತಗೀಬೇಕಂದಿದ್ರಲ್ರಿ?"

ಗಂಗುಬಾಯಿ, ಶಾಲನ ಇಬ್ಬರೂ ಒಂದೇ ರಿಕ್ಷಾ ಹತ್ತಿ ಹೋದರು.

ಐದರ ಬಸ್ಸಿನಲ್ಲಿ ಮಾಸ್ತರರು ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಇನ್ನು ಆ ಮನೆಯಲ್ಲಿ ಒಬ್ಬನೇ ಹೇಗಿರಲಿ ಅಂತ ನವಿಲಿನ ಮೇಲಿನ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದರು. ಪಕ್ಕದಲ್ಲಿ ಯಾರೋ ಧಪ್ಪನೆ ಟ್ರಂಕು ಇಟ್ಟು ಕೂತರು. ನೋಡಿದರೆ ಮಾವ.

"ಶಾಲನ ಬರಾಂಗಿಲ್ಲಂತ," ಅಂದರು ಪಾರೀಸರು. "ನಿಮ್ಮ ಅತ್ತಿ ನನ್ನ ಒಳಗ ಬಿಡಾಂಗಿಲ್ಲಂತ. ಅದಕ್ಕ ನಾ ಬಂದೇನಿ."

ಮುರಗೂಡ ದಾಟುವವರೆಗೂ ಮಾವನವರು ಬಿಟ್ಟಿ ಒಪ್ಪಿಕೊಂಡೆನಲ್ಲಾ ಅಂತ ಹಲ್ಲು ಕಡಿಯುತ್ತಿದ್ದರು. ಆಮೇಲೆ ಅಳಿಯನ ಕಿವಿಯ ಹತ್ತಿರ ಬಂದರು.

"ಅಳಿಯಂದ್ರ, ಆ ಚಿತ್ರದಾಗಿನ ಗಾಡಿ ಎಷ್ಟೊತ್ತಿನ ತನಕಾ ಇರತೈತ್ರಿ?"

ಮುಂದಿನ ಸೀಟಿನಿಂದ ವೃಷಾಲಿ ತಿರುಗಿ ಇಬ್ಬರನ್ನೂ ನೆಟ್ಟಗೆ ನೋಡಿದಳು. ಬಹುಮಾನದ ಬಣ್ಣದ ಪೆಟ್ಟಿಗೆ ಆಗಲೇ ತೆರೆದಿತ್ತು.