ಎಣ್ಣೆ ಮುಟ್ಟದ ವರ

ಮರಿಬಸಪ್ಪನಿಗೆ ಅಂಕಿ ನೋಡುವುದನ್ನು ಕಲಿಸಿದ್ದೇ ಅಲ್ತಾಫ್ ಮಾಡಿದ ತಪ್ಪು.

ಬಳ್ಳಾರಿಯ ಗಾಂಧಿನಗರದಲ್ಲಿ ಮರಿಬಸಪ್ಪನ ವಧು-ವರ ಕೇಂದ್ರ. ಅದರದೇ ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಅಲ್ತಾಫನ ಇಂಟರ್‌ನೆಟ್ ಅಂಗಡಿ. ಅದಿರಿನ ದುಡ್ಡು ಊರಿಗೆ ನುಗ್ಗಿದ ಮೇಲೆ ಇಡ್ಲಿ ಬಂಡಿಯವನೂ ವೆಬ್‌ಸೈಟ್ ಕೇಳತೊಡಗಿದ್ದ, ಮರಿಬಸಪ್ಪ ಬಿಡುತ್ತಾನೆಯೇ? ಅಲ್ತಾಫ್ ಮಾಡಿಕೊಟ್ಟ. ಎಷ್ಟು ಮಂದಿ ಬಂದರು, ಯಾವ ಪುಟ ನೋಡಿದರು, ಯಾವ ಪುಟದಿಂದ ಹೊರಬಿದ್ದರು ಎಂದು ತೋರಿಸುವ ಅನಾಲಿಟಿಕ್ಸನ್ನೂ ಜೋಡಿಸಿದ. ಅದನ್ನು ಯಾರೂ ಕೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಮರಿಬಸಪ್ಪ ಬಾಗಿಲಲ್ಲೇ ಶುರು ಮಾಡಿದ.

"ಲೇ ಅಲ್ತಾಫ್, ದಿನಾ ಇಷ್ಟು ಮಂದಿ ಬರ್ತಾರಂತ ತೋರಿಸ್ತೈತಿ, ಒಬ್ರೂ ಹೆಸರು ಬರೆಸವಲ್ರು. ಎಲ್ಲಿ ಎದ್ದು ಹೋಗ್ತಾರ?"

"ನೋಡಬೇಕ್ರಿ ಅಣ್ಣಾರ."

"ಸಂಜಿ ಒಳಗ ಹೇಳು. ಕಂಡುಹಿಡಿದ್ರ ಈ ಖೋಲಿಯಿಂದ ನಿನ್ನ ಯಾವನೂ ಅಲುಗಾಡ್ಸಂಗಿಲ್ಲ. ಇಲ್ಲಂದ್ರ ಖಾಲಿ ಮಾಡು."

ಸತ್ಯನಾರಾಯಣಪೇಟೆಯಲ್ಲಿದ್ದ ಅಲ್ತಾಫನ ಮೊದಲಿನ ಅಂಗಡಿಯನ್ನು ಬಿಡಿಸಿ ಅಲ್ಲಿ ಬೈಕ್ ಶೋರೂಂ ಮಾಡಿದ್ದರು. ಇನ್ನೊಂದು ಖೋಲಿ ಸಿಗುವ ಕಾಲ ಅದಲ್ಲ. ಅಲ್ತಾಫ್ ಕೀಬೋರ್ಡಿನ ಮೇಲಿನ ಕೆಂಪು ದೂಳು ಊದಿ ಕುಳಿತ.

ಉತ್ತರ ಸಿಗಲು ತಡವಾಗಲಿಲ್ಲ. ಬಂದವರೆಲ್ಲ ಒಂದೇ ಪುಟದಲ್ಲಿ ಎದ್ದು ಹೋಗುತ್ತಿದ್ದರು. ಅದು ದೊಡ್ಡಬಸವರಾಜನ ಪುಟ.

ಕುರುಗೋಡಿನ ದೊಡ್ಡಬಸವರಾಜ ಅದಿರು ಹೇರುವ ಎರಡು ಟಿಪ್ಪರ್ ಲಾರಿಗಳ ಒಡೆಯ, ಮರಿಬಸಪ್ಪನ ಹೆಂಡತಿ ವೀರಭದ್ರಮ್ಮನ ತಮ್ಮ. ಫೋಟೋದಲ್ಲಿ ಓಡುವ ಟಿಪ್ಪರನ್ನು ಬರೀ ಎದೆಯಿಂದ ನಿಲ್ಲಿಸಿದವನ ಹಾಗೆ ಅದಕ್ಕೆ ಒರಗಿ ನಿಂತಿದ್ದ. ಸದ್ಯ ಒಳಗಿನ ಖೋಲಿಯಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದ. ಅವನ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ಇದನ್ನು ಹೇಗೆ ಹೇಳುವುದು ಎಂದು ಅಲ್ತಾಫ್ ತಲೆ ಕೆರೆದುಕೊಳ್ಳುವಷ್ಟರಲ್ಲಿ, ಪಕ್ಕದ ಜೆರಾಕ್ಸ್ ಅಂಗಡಿಯ ಸುಂಕಣ್ಣ ಹಿಂದಿನಿಂದ ಇಣುಕಿ ಕೂಗಿಬಿಟ್ಟ.

"ಅಕ್ಕಾರ, ಬರ್ರಿಲ್ಲಿ! ನಿಮ್ಮ ತಮ್ಮನ ಫೋಟೋ ಬಂದ ಕೂಡ್ಲೆ ಮಂದಿ ಓಡಿ ಹೋಗ್ತಾರಂತ!"

ವೀರಭದ್ರಮ್ಮ ಬಂದಳು. ಕೈಯಲ್ಲಿ ಸೌಟಿತ್ತು.

"ಏನಲೇ ಅಲ್ತಾಫ್, ನನ್ನ ತಮ್ಮನ ಮಾರಿ ಏನಾಗೇತಿ?"

"ನಾನಲ್ರಿ ಅಕ್ಕಾರ, ಕಂಪ್ಯೂಟರ್ ಹಂಗ ಅಂತೈತಿ."

"ಕಂಪ್ಯೂಟರಿಗೆ ಯಾವ ಹುಡುಗಿ ಕೊಟ್ಟಾರ, ನಮ್ಮ ಹುಡುಗನ್ನ ಆಡ್ಕೊಳ್ಳಾಕ?"

"ಮಾರಿ ತಪ್ಪಲ್ಲ ಬಿಡ್ರಿ, ಫೋಟೋ ತಪ್ಪು," ಎಂದು ಸುಂಕಣ್ಣ ತೀರ್ಪು ಕೊಟ್ಟ. "ಕೋಟು ಹಾಕಿಸಿ ತೆಗೆಸ್ರಿ."

ದೊಡ್ಡಬಸವರಾಜ ಸ್ಟುಡಿಯೋಗೆ ಹೋದ. ಬಾಡಿಗೆ ಕೋಟು, ಮುಖದ ತುಂಬ ಪೌಡರು. ಫೋಟೋದಲ್ಲಿ ಸುಣ್ಣ ಹೊಡೆದ ಮೈಲಿಗಲ್ಲಿನಂತೆ ಕಂಡ. ಅಲ್ತಾಫ್ ಅದನ್ನು ಹಾಕುವಾಗ ಕರೆಂಟ್ ಹೋಯಿತು. ಬಂದಾಗ ವೀರಭದ್ರಮ್ಮ ಸುತ್ತ ಗುಲಾಬಿ ಹೂವು ಇರಲಿ ಎಂದಳು. ಹೂವು ಬಂದ ಮೇಲೆ ಸುಂಕಣ್ಣ, "ಹೋದವ್ರ ಫೋಟೋಕ್ಕ ಮಾಲಿ ಹಾಕಿದಂಗಾತು," ಎಂದ. ಹೂವು ತೆಗೆಯಬೇಕಾಯಿತು. ಅಂತೂ ಮಧ್ಯಾಹ್ನ ಪುಟದಲ್ಲಿ ಟಿಪ್ಪರ್ ಹೋಗಿ ಕೋಟು ಬಂತು.

"ಯಾಕೋ ನನ್ನ ಫೋನ್ ಸುಮ್ನಾಗೇತಿ," ಎಂದ ದೊಡ್ಡಬಸವರಾಜ. ಯಾರೂ ಕಿವಿಗೊಡಲಿಲ್ಲ.

ಸಂಜೆ ಕೇಂದ್ರದ ಫೋನ್ ಬಡಿದುಕೊಂಡಿತು. ವೀರಭದ್ರಮ್ಮ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ನಿಮ್ಮ ವೆಬ್‌ಸೈಟಿನಾಗ ದೊಡ್ಡಬಸವರಾಜ ಅಂತ ಅದಾರಲ್ರಿ. ಸಿರುಗುಪ್ಪದಿಂದ ಮಾತಾಡಾಕತ್ತೀನಿ. ನಾಳೆ ಬರಾಕ ಆಗತೈತೇನ್ರಿ?"

ವೀರಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳಿ ಯಾಕ್ರಿ, ಇವತ್ತ ಬೇಕಾದ್ರೂ ಬರ್ತೀವಿ!"

"ಎಣ್ಣಿ ಖರ್ಚು ಬಾಳ ಐತೇನ್ರಿ?"

"ಅಯ್ಯ ಶಿವನ! ನಮ್ಮ ತಮ್ಮ ಎಣ್ಣಿ ಮೂಸಿ ಸೈತ ನೋಡಂಗಿಲ್ರಿ."

"ಎಣ್ಣಿ ಇಲ್ದ ಟಿಪ್ಪರ್ ಗುಡ್ಡ ಹೆಂಗ ಹತ್ತತಾವ್ರಿ?"

"ಟಿಪ್ಪರಾ?"

"ಮತ್ತೇನ್ರಿ? ಮೊದಲಿನ ಫೋಟೋದಾಗ ಟಿಪ್ಪರ್ ಬಾಗಿಲ ಮ್ಯಾಲೆ ಮೊಬೈಲ್ ನಂಬರ್ ಬರ್ದಿತ್ತು. ನಾವು ಕಾಂಟ್ರಾಕ್ಟರ್ ಮಂದಿ ಅದನ್ನ ನೋಡೇ ಗಾಡಿ ಕರೆಸ್ತಿದ್ವಿ. ಯಾವ ಪುಣ್ಯಾತ್ಮ ತೆಗೆದ?"

ಅಲ್ತಾಫ್ ಓಡಿಹೋಗಿ, ಬಂದವರು ಏನು ಹುಡುಕಿ ಬಂದಿದ್ದರು ಎಂದು ನೋಡಿದ. ಬಹುತೇಕ ಎಲ್ಲರೂ ಹುಡುಕಿದ್ದು 'ಬಳ್ಳಾರಿ ಟಿಪ್ಪರ್ ಬಾಡಿಗೆ'. ವರನ ಉದ್ಯೋಗ 'ಟಿಪ್ಪರ್ ಬಾಡಿಗೆಗೆ ಕೊಡುವುದು' ಎಂದು ಟೈಪ್ ಮಾಡಿದ್ದವನೂ ಅವನೇ. ಮುಖ ನೋಡಿ ಯಾರೂ ಓಡಿರಲಿಲ್ಲ. ಮುಖವನ್ನು ಯಾರೂ ನೋಡಿಯೇ ಇರಲಿಲ್ಲ. ನಂಬರ್ ಸಿಕ್ಕಿತ್ತು, ಎದ್ದು ಹೋಗಿದ್ದರು.

"ಅಣ್ಣಾರ, ಸಿಕ್ತು! ಯಾಕ ಹೋಗ್ತಾರಂತ ಸಿಕ್ತು!"

ಮರಿಬಸಪ್ಪ ಗೋಡೆಯ ತುಂಬ ಇದ್ದ ವಧು-ವರರ ಫೋಟೋಗಳನ್ನು ಒಮ್ಮೆ ನೋಡಿದ.

"ಸುಂಕಣ್ಣ, ಬೋರ್ಡ್ ಇಳಿಸು. ಟಿಪ್ಪರ್ ಬುಕಿಂಗ್ ಆಫೀಸ್ ಅಂತ ಬರೆಸು. ಅಲ್ತಾಫ್, ಈ ಖೋಲಿ ಡ್ರೈವರ್ ಮಂದಿ ಕುಂದ್ರಾಕ ಬೇಕು."

"ಕಂಡುಹಿಡಿದ್ರ ಅಲುಗಾಡ್ಸಂಗಿಲ್ಲ ಅಂದಿದ್ರಲ್ರಿ?"

"ನೀನೆಲ್ಲಿ ಕಂಡುಹಿಡಿದಿ? ಸಿರುಗುಪ್ಪದಂವ ಹೇಳಿದ."

"ಮಾವ, ನನ್ನ ಮದುವಿ?" ಎಂದ ದೊಡ್ಡಬಸವರಾಜ, ಕೋಟಿನಲ್ಲೇ ಬೆವರುತ್ತ.

ಅಲ್ತಾಫ್ ಮಾನಿಟರ್ ಎತ್ತಿಕೊಂಡು ಹೊಸ್ತಿಲು ದಾಟುವಾಗ ಮರಿಬಸಪ್ಪ ಕೂಗಿದ.

"ಲೇ, ಹಳೇ ಫೋಟೋ ಹಾಕಿ ಹೋಗು. ಟಿಪ್ಪರ್ ಅಷ್ಟ ಇರಲಿ. ದೊಡ್ಡಬಸೂನ್ನ ಕತ್ತರಿಸಿ ಒಗಿ, ಸುಮ್ನ ಅಡ್ಡ ನಿಂತಾನ."