ಉಳ್ಳಾಗಡ್ಡಿ ವಂಶಾವಳಿ

ನಮ್ಮ ವಂಶದ ಹಿರಿಯರೊಬ್ಬರು ಒಂದೇ ವರ್ಷದಲ್ಲಿ ಮೂರು ಸಲ ಕುಸಿದು, ಎರಡು ಸಲ ಚೇತರಿಸಿಕೊಂಡು, ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಗಗನಕ್ಕೇರಿದ್ದರೆಂದರೆ ನೀವು ನಂಬುತ್ತೀರಾ? ನಮ್ಮ ಕಾಕಾ ನಂಬುತ್ತಾನೆ. ಪತ್ರಿಕೆಯ ಪುರಾವೆಯೂ ಅವನ ಹತ್ತಿರ ಇದೆ!

ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ, ಹೆಚ್ಚಿದರೆ ಕಣ್ಣೀರು ತರಿಸುವ ಅದೇ ಗಡ್ಡೆ. ಮೆಣಸಿನಕಾಯಿ, ಬದನಿಕಾಯಿ ಎಂಬ ಅಡ್ಡಹೆಸರಿನವರೂ ನಮ್ಮ ಕಡೆ ಮಾನದಿಂದ ಬದುಕಿದ್ದಾರೆ, ಆದ್ದರಿಂದ ನಗಬೇಡಿ. ಗದಗಿಗೆ ಅಂಟಿದ ಬೆಟಗೇರಿಯ ಮನೆಯಲ್ಲಿ ಅಜ್ಜನ ಕಾಲದವರೆಗೂ ಕೈಮಗ್ಗ ಇತ್ತು. ಆಮೇಲೆ ಅಪ್ಪ ಬ್ಯಾಂಕು ಸೇರಿದ, ಅವನ ತಮ್ಮ ಈ ಕಾಕಾ ಬಸ್ಸಿನ ಕಂಡಕ್ಟರ್ ಆದ. ನಿವೃತ್ತನಾದ ಮೇಲೆ ಟಿಕೆಟ್ ಕೇಳಲು ಬದುಕಿದವರು ಯಾರೂ ಸಿಗದೆ ಸತ್ತವರ ಬೆನ್ನು ಹತ್ತಿದ. ಯಾರೋ ಪುಣ್ಯಾತ್ಮರು ಗದಗ ಸುತ್ತಿನ ಹಳೆಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಏರಿಸಿದ್ದಾರೆ. ಒಂದು ಪದ ಒತ್ತಿದರೆ ಸಾಕು, ಅದು ಬಂದ ಪುಟಗಳೆಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಕಾಕಾ "ಉಳ್ಳಾಗಡ್ಡಿ" ಎಂದು ಒತ್ತಿದ. ಏನು ಬಂತೆಂದು ಬೇರೆ ಹೇಳಬೇಕೆ? "ಉಳ್ಳಾಗಡ್ಡಿ ಕುಸಿತ." "ಉಳ್ಳಾಗಡ್ಡಿ ತುಸು ಚೇತರಿಕೆ." "ಮಳೆಗೆ ಸಿಕ್ಕು ಕೊಳೆತ ಉಳ್ಳಾಗಡ್ಡಿ."

"ಕಾಕಾ, ಇದು ಪ್ಯಾಟಿ ಧಾರಣಿ," ಎಂದೆ.

"ಮೂರನೇದು ಧಾರಣಿ ಇರಬಹುದಲೇ ತಮ್ಮಾ," ಎಂದ ಕಾಕಾ ಗಂಭೀರವಾಗಿ. "ಮದಲಿನ ಎರಡು ನಮ್ಮ ಮುತ್ಯಾಂದ. ಅಂವಗ ಫಿಟ್ಸ್ ಬರ್ತಿದ್ವು."

ಆದರೆ ಈ ಹುಡುಕಾಟ ಅಜ್ಜನ ಅಪ್ಪನಾದ ಆ ಮುತ್ಯಾನ ಸಲುವಾಗಿ ಅಲ್ಲವೆಂಬುದು ಮನೆಯವರಿಗೆಲ್ಲ ಗೊತ್ತು. ಹತ್ತು ವರ್ಷದವನಿದ್ದಾಗ ಕಾಕಾ ಮಗ್ಗದ ಹಾಸಿನ ಎಳೆಗಳನ್ನು ಸಿಕ್ಕು ಮಾಡಿ, ಅಜ್ಜನ ಕಡೆಯಿಂದ ಬೈಸಿಕೊಂಡು, ಮನೆ ಬಿಟ್ಟು ಓಡಿಹೋಗಿದ್ದ. ಮಾಗಡಿ ಕೆರೆಯ ಪರದೇಶದ ಹಕ್ಕಿಗಳನ್ನು ನೋಡುತ್ತ, ಹೊಲಗಳ ಹಸಿಗಡಲೆ ಕಿತ್ತು ತಿನ್ನುತ್ತ ಕೆಲವು ದಿನ ಕಳೆದ. ಕೊನೆಗೆ ಹಸಿವು ತಾಳಲಾರದೆ ಶಿರಹಟ್ಟಿಯ ಒಂದು ಹೋಟೆಲಿನ ಮುಂದೆ ಹೋಗಿ ನಿಂತ. ಹೋಟೆಲಿನವರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಒಳಗೆ ಕರೆದು ಪ್ಲೇಟಿನ ತುಂಬ ಮಂಡಕ್ಕಿ ಗಿರ್ಮಿಟ್ ಕೊಟ್ಟರು. ಹೊಟ್ಟೆ ತುಂಬಿದ ಮೇಲಷ್ಟೇ ವಿಚಾರಿಸಿ ಗದಗಿನ ಬಸ್ಸು ಹತ್ತಿಸಿದರು.

"ನನ್ನ ಮಾರಿ ನೋಡೇ ದೊಡ್ಡ ಮನಿತನದ ಹುಡುಗ ಅಂತ ಗುರ್ತ ಹಿಡದಿದ್ದ ಅಂವಾ," ಎಂದು ಕಾಕಾ ಈಗಲೂ ಜಂಬ ಕೊಚ್ಚುತ್ತಾನೆ. ಅಜ್ಜನ ಮಾತು ಬಂದಾಗ ಮಾತ್ರ ದನಿ ಸಣ್ಣದಾಗುತ್ತದೆ. "ನಾ ತಿರುಗಿ ಬಂದಾಗ ನಮ್ಮಪ್ಪ ಮಗ್ಗ ಬಿಟ್ಟು ಏಳಲಿಲ್ಲ. ಕೈಕಾಲ ತೊಳ್ಕೊ, ಉಣ್ಣು ಅಂದ, ಅಷ್ಟ. ಎಲ್ಲಿ ಹೋಗಿದ್ದಿ ಅಂತ ಸೈತ ಕೇಳಲಿಲ್ಲ. ಅಂವಾ ನನ್ನ ಹುಡುಕಿದ್ನೋ ಇಲ್ಲೋ, ಅದೊಂದು ತಿಳದ್ರ ಸಾಕಾಗಿತ್ತು."

ಅಜ್ಜ ಅದನ್ನು ಹೇಳದೆಯೇ ತೀರಿಕೊಂಡ. ಮಕ್ಕಳು ಕಾಣೆಯಾದರೆ ಆಗ ಊರಿನ ಪತ್ರಿಕೆಗೆ ಕೊಡುತ್ತಿದ್ದರಂತೆ. ಕಾಕಾನಿಗೆ ಬೇಕಾಗಿದ್ದದ್ದು ಆ ನಾಲ್ಕು ಸಾಲು.

ಎಷ್ಟು ಹುಡುಕಿದರೂ ಸಿಗಲಿಲ್ಲ. ಲಕ್ಷ್ಮೇಶ್ವರದ ವಾಚನಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ, ಧೂಳಿಗೆ ಸೀನಿ ಸೀನಿ, ಅಲ್ಲಿದ್ದ ಓದುಗರನ್ನೆಲ್ಲ ಎಬ್ಬಿಸಿ ಕಳಿಸಿದ. ಆಮೇಲೆ ವಾಟ್ಸಾಪ್ ಗುಂಪುಗಳಿಗೆ ಒಂದು ವಿನಂತಿ ಹಾಕಿದ: "ಗದಗ ಜಿಲ್ಲೆಯ ಹಳೇ ಉಳ್ಳಾಗಡ್ಡಿ ಎಲ್ಲಿದ್ದರೂ ತಿಳಿಸಿರಿ." ಮರುದಿನವೇ ಮುಂಡರಗಿಯಿಂದ ಫೋನು ಬಂತು.

"ಹಳೇವು ಎರಡ ಚೀಲ ಉಳದಾವ್ರಿ. ಮೊಳಕಿ ಬಂದಾವು, ನಡೀತೈತೇನ್ರಿ?"

"ಮೊಳಕಿ ಅಂದ್ರ ಮೊಮ್ಮಕ್ಕಳೇನ್ರಿ?" ಎಂದು ಕಾಕಾ ಸಂಭ್ರಮದಿಂದ ಕೇಳಿದ.

ಆ ಕಡೆಯವರು ಫೋನಿಟ್ಟರು. ಪಾಪ, ವ್ಯಾಪಾರಸ್ಥರು.

ಕೊನೆಗೆ ಗಂಟು ಬಿಡಿಸಿದವಳು ಕಾಕಾನ ಹೆಂಡತಿ, ನಮ್ಮ ಕಾಕು. ಒಂದು ಮುಂಜಾನೆ ನಾನು ಚಹಾಕ್ಕೆಂದು ಅವರ ಮನೆಗೆ ಹೋಗಿದ್ದೆ. ಕಾಕು ಅವಲಕ್ಕಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಕಾಕಾ ಅಂದಿನ ಪತ್ರಿಕೆ ಹಿಡಿದು "ಈರುಳ್ಳಿ ಬೆಲೆ ಏರಿಕೆ" ಎಂದು ಜೋರಾಗಿ ಓದಿದ. ಕಾಕು ಹೆಚ್ಚುವುದನ್ನು ನಿಲ್ಲಿಸಿದಳು.

"ಅಲ್ರೀ, ನಾವು ಉಳ್ಳಾಗಡ್ಡಿ ಅಂತೀವಿ, ಕೆಲ ಪೇಪರಿನವ್ರು ಈರುಳ್ಳಿ ಅಂತಾರ. ನಿಮ್ಮಪ್ಪನ್ನೂ ಅವ್ರು ಈರುಳ್ಳಿ ಮಾಡಿದ್ರ?"

"ಹುಚ್ಚಿ, ಅಡ್ಡಹೆಸರ ಯಾರರ ತಿದ್ದತಾರೇನ?" ಎಂದು ಕಾಕಾ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಮೊಬೈಲಿನಲ್ಲಿ "ಬೆಟಗೇರಿ ನೇಕಾರ ಈರುಳ್ಳಿ" ಎಂದು ಒತ್ತಿದ. ಒಂದು ಪುಟ ತೆರೆದುಕೊಂಡಿತು, ಅವನ ನಗು ನಿಂತಿತು.

ಆ ಪತ್ರಿಕೆಯಲ್ಲಿ ಕರಡು ತಿದ್ದುವವರು ಮೈಸೂರು ಕಡೆಯವರಿದ್ದಿರಬೇಕು. ಅಜ್ಜ ಕೊಟ್ಟ ಹೆಸರನ್ನು ಶುದ್ಧಗೊಳಿಸಿಯೇ ಅಚ್ಚು ಹಾಕಿದ್ದರು. ಕಾಕಾ ಕನ್ನಡಕ ಒರೆಸಿದ, ಮತ್ತೆ ಒರೆಸಿದ, ಮೊಬೈಲು ನನ್ನ ಕೈಗೆ ಕೊಟ್ಟ. ನಾನು ಓದಿದೆ:

"ಬೆಟಗೇರಿಯ ನೇಕಾರ ಈರುಳ್ಳಿಯವರ ಕಿರಿಯ ಮಗ, ವಯಸ್ಸು ಹತ್ತು, ಮನೆ ಬಿಟ್ಟು ಹೋಗಿದ್ದಾನೆ. ಮಾತು ಬಹಳ. ಕಂಡವರು ಕೂಡಲೇ ಹೆಸರು, ಊರು ಕೇಳಬಾರದು, ಹೆದರಿ ಓಡುತ್ತಾನೆ. ಹಸಿವು ತಾಳುವ ಹುಡುಗನಲ್ಲ. ಮೊದಲು ತಿನ್ನಲು ಕೊಡಿರಿ, ತಿಂದ ಮೇಲೆ ಎಲ್ಲ ಹೇಳುತ್ತಾನೆ. ಯಾರೂ ಬೈಯಬಾರದೆಂದು ತಂದೆಯ ವಿನಂತಿ."

ಕಾಕಾ ಮೊಬೈಲು ತಿರುಗಿ ತೆಗೆದುಕೊಂಡು "ಮೊದಲು ತಿನ್ನಲು ಕೊಡಿರಿ" ಎಂಬಲ್ಲಿ ಬೆರಳಿಟ್ಟ. ಮೆಲ್ಲಗೆ ಅಂದ:

"ಹಂಗಾರ ಆ ಹೋಟೆಲಿನಂವಾ ನನ್ನ ಮಾರಿ ನೋಡಿ ಕೊಟ್ಟಿದ್ದಲ್ಲ. ಆ ಗಿರ್ಮಿಟ್ ನಮ್ಮಪ್ಪನೇ ಕೊಡಿಸಿದ್ದು."

ಕಾಕು ಏನೂ ಕೇಳಲಿಲ್ಲ. ಅವಲಕ್ಕಿಯ ತಾಟು ತಂದು ಅವನ ಮುಂದೆ ಇಟ್ಟಳು.