ಕೊನ್ಸೆರ್ವಾರೆ ನೋಟ್‌ಬುಕ್ಕಿನ ಗತಿ

ನಮ್ಮ ಮನೆಯಲ್ಲಿ ನಾನು ಯಾವುದನ್ನು ಜೋಪಾನ ಮಾಡುತ್ತೇನೋ ಅದೇ ಮೊದಲು ಹಾಳಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೇನೆ, ಬೇಕಾದವರು ನೋಡಬಹುದು.

ಹೆಣ್ಣು ನೋಡುವ ಶಾಸ್ತ್ರ

ಬಿ.ಎ.ಯಲ್ಲಿ ನಾನು ಫ್ರೆಂಚ್ ಓದಿದವಳು. ಕೆಡದಂತೆ ಕಾಪಾಡುವುದಕ್ಕೆ ಲ್ಯಾಟಿನ್ನಿನಲ್ಲಿ ‘ಕೊನ್ಸೆರ್ವಾರೆ’. ಅದೇ ಫ್ರೆಂಚಿನಲ್ಲಿ ‘ಕೊಂಸೆರ್ವೆ’, ಸ್ಪ್ಯಾನಿಷಿನಲ್ಲಿ ‘ಕೊನ್ಸೆರ್ವಾರ್’, ಇಟಾಲಿಯನ್ನಿನಲ್ಲಿ ಲ್ಯಾಟಿನ್ನಿನಂತೆಯೇ. ನಾನು, ನೀನು, ಅವನು. ನಿನ್ನೆ, ಇಂದು, ನಾಳೆ, ಆ ಕ್ರಿಯಾಪದದ ಎಲ್ಲ ರೂಪಗಳನ್ನೂ ಗೆರೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಗಂಡಿನ ಕಡೆಯವರು ಬಂದಾಗ ಅಪ್ಪ ಹೆಮ್ಮೆಯಿಂದ ಅದನ್ನೇ ತೋರಿಸಿದರು. ಅತ್ತೆಯಾಗಲಿದ್ದವರು ಎರಡು ಹಾಳೆ ತಿರುವಿದರು.

"ಅಕ್ಷರ ಮುದ್ದಾಗಿದೆ. ಉಪ್ಪಿನಕಾಯಿ ಜಾಡಿಗೆ ಚೀಟಿ ಬರೆಯೋಕಾಯ್ತು."

ನಲವತ್ತು ವರ್ಷ ಅದನ್ನೇ ಬರೆದೆ.

ಅಕ್ಕತಂಗಿಯರು

ಆ ನೋಟ್‌ಬುಕ್ಕು ಮೊಮ್ಮಗಳಿಗೆ ಸೇರಬೇಕು ಅನ್ನುವುದೊಂದೇ ನನ್ನ ಆಸೆ. ಅವಳು ಜೆ.ಪಿ. ನಗರದ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡ ದಿನವೇ ಎದುರಿಗಿಟ್ಟೆ.

"ಅಜ್ಜಿ, ಇಟಾಲಿಯನ್ ಪೋರ್ಷನ್‌ನಲ್ಲಿ ಇಲ್ಲ."

"ಅಕ್ಕತಂಗಿ ಭಾಷೆಗಳು ಕಣೇ. ಒಂದು ಬಂದ್ರೆ ಇನ್ನೊಂದು ತಾನಾಗಿ ಮಾತಾಡುತ್ತೆ."

"ನೀನೂ ಚಿಕ್ಕಜ್ಜೀನೂ ಅಕ್ಕತಂಗೀರೇ ತಾನೆ? ಮಾತು ಬಿಟ್ಟು ಎಷ್ಟು ವರ್ಷ ಆಯ್ತು?"

ಅದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಶಾಶ್ವತ

ಮಗನಿಗೆ ನನ್ನ ಮೇಲೆ ಕನಿಕರ ಬಂತು. ಹಾಳೆ ಹಾಳೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದ. "ಇನ್ನು ಇದು ಶಾಶ್ವತ ಅಮ್ಮ."

ಹೋದ ತಿಂಗಳು ಮೊಮ್ಮಗಳು ತಾನಾಗಿಯೇ ಬಂದಳು. "ಅಜ್ಜಿ, ಆ ನೋಟ್‌ಬುಕ್ ಕೊಡು. ಪ್ರಾಜೆಕ್ಟ್‌ಗೆ ಅಕ್ಕತಂಗಿ ಭಾಷೆಗಳು ಬೇಕಂತೆ."

ಓಡಿಹೋಗಿ ಬೀರು ತೆಗೆದೆ. ಇಲ್ಲ. ಫೋಟೋಗಳನ್ನಾದರೂ ಕೊಡು ಎಂದು ಮಗನನ್ನು ಕೇಳಿದೆ.

"ಸ್ಟೋರೇಜ್ ಫುಲ್ ಆಗಿತ್ತು, ಡಿಲೀಟ್ ಮಾಡ್ದೆ. ಪುಸ್ತಕ ಇದೆಯಲ್ಲಮ್ಮ!"

ಅಡುಗೆಮನೆಯಿಂದ ಸೊಸೆ ಬಂದಳು. "ಪೇಪರ್ ತರಿಸೋದು ನಿಲ್ಲಿಸಿದೀವಲ್ಲ ಅತ್ತೆ... ಗೌರಿ ಹಬ್ಬಕ್ಕೆ ಶೆಲ್ಫಿಗೆ ಹಾಸೋಕೆ ಏನೂ ಇರಲಿಲ್ಲ. ಫೋಟೋ ಇದೆಯಲ್ಲ ಅಂತ..."

ಮಾವಿನಕಾಯಿ ಜಾಡಿ ಎತ್ತಿದೆವು. ಅಡಿಯಲ್ಲಿ ನನ್ನ ಮುದ್ದಾದ ಅಕ್ಷರ, ಎಣ್ಣೆ ಕುಡಿದು ಹಲಗೆಗೆ ಅಂಟಿಕೊಂಡಿತ್ತು. ಎಳೆದರೆ ಹರಿಯುತ್ತದೆ. ಮೊಮ್ಮಗಳು ತಲೆಯನ್ನು ಶೆಲ್ಫಿನೊಳಗೆ ತೂರಿಸಿ ಪ್ರಾಜೆಕ್ಟ್ ಬರೆದುಕೊಂಡಳು. ಸೀನಿದ್ದು ಎರಡೇ ಸಲ.

ನನ್ನ ಲೆಕ್ಕದ ಪುಸ್ತಕದಲ್ಲಿ ಅಂದೇ ನಮೂದಿಸಿದೆ: "ನೋಟ್‌ಬುಕ್ಕು. ಅಡುಗೆಮನೆ, ಎರಡನೇ ಶೆಲ್ಫು, ಜಾಡಿಯ ಕೆಳಗೆ. ಉಪ್ಪು, ಖಾರ, ಎಣ್ಣೆ ಸರಿಯಾಗಿ ಹಿಡಿದಿದೆ. ಇನ್ನು ಕೆಡುವುದಿಲ್ಲ."